ಹತ್ತು ನಿಮಿಷದ ಹೊಗೆ

ಡೀಸೆಲ್ ಹೊಗೆಯ ವಾಸನೆ ಮೂಗಿಗೆ ಬಡಿದರೆ ನನಗೆ ಹೊಟ್ಟೆ ತೊಳಸುತ್ತದೆ. ಅದು ದೊಡ್ಡ ಮಾತಲ್ಲ. ಕಲಬುರಗಿಯಲ್ಲಿದ್ದುಕೊಂಡು ಹೊಗೆಗೆ ಹೇಸುವವನು ಮನೆಯಿಂದ ಹೊರಗೇ ಬೀಳಬಾರದು. ನನ್ನ ತಕರಾರು ಬೇರೆ. ಆ ವಾಸನೆಯ ಜೊತೆಗೆ ಒಬ್ಬ ಒಳ್ಳೆಯ ಮನುಷ್ಯನ ಮುಖ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಸ್ನಾನ ಪೂಜೆ ಮುಗಿಸಿ, ಹಣೆಗೆ ಅಂಗಾರ ಅಕ್ಷತೆ ಇಟ್ಟುಕೊಂಡು, ಒಗೆದ ಧೋತರ ಉಟ್ಟು, ಚಾಲೂ ಇರುವ ಕಾರಿನ ಬಾನೆಟ್ಟಿನ ಮೇಲೆ ಅಂಗೈ ಊರಿ ನಿಂತ ಮುಖ. ಅಷ್ಟು ಒಳ್ಳೆಯವರನ್ನು ನೆನೆದು ವಾಕರಿಸಬೇಕಾಗಿ ಬಂದಿದೆಯಲ್ಲ, ಅದನ್ನು ನನಗೆ ಸಹಿಸಲಾಗುವುದಿಲ್ಲ.

ಅವರು ತೀರಿಕೊಂಡು ಮೂರು ತಿಂಗಳಾಯಿತು. ಕಮಲಾಪುರದ ನಮ್ಮ ಹೈಸ್ಕೂಲಿನಲ್ಲಿ ಸಂತಾಪ ಸಭೆ ಮಾಡಿದೆವು. ಅಲ್ಲಿ ಅವರು ಮೊದಲು ವಿಜ್ಞಾನದ ಮಾಸ್ತರರು, ಆಮೇಲೆ ಹೆಡ್ ಮಾಸ್ತರರು. ನಾನು ಅಲ್ಲಿ ಈಗಲೂ ಕನ್ನಡ ಕಲಿಸುತ್ತೇನೆ. ಒಬ್ಬೊಬ್ಬರೂ ಎದ್ದು, "ಸರ್ ಯಾರನ್ನೂ ಒಂದು ಮಾತಿನಿಂದಲೂ ನೋಯಿಸಿದವರಲ್ಲ" ಎಂದರು. ನನ್ನ ಸರದಿ ಬಂದಾಗ ನಾನೂ ಅದನ್ನೇ ಅಂದೆ, ಚಪ್ಪಾಳೆ ಬಿತ್ತು. ಮನೆಗೆ ಬಂದು ಬಾಯಿ ಮುಕ್ಕಳಿಸಿ ಉಗುಳಿದೆ. ಸುಳ್ಳು ಹೇಳಿದೆನೆಂದಲ್ಲ. ಮಾತಿನಿಂದ ಅವರು ಯಾರನ್ನೂ ನೋಯಿಸಿರಲಿಲ್ಲ, ಅದು ಖರೆ.

ಎಲ್ಲರಂತೆ ನಾನೂ ಅವರನ್ನು ಸರ್ ಎಂದೇ ಕರೆಯುತ್ತಿದ್ದೆ. ಬ್ರಹ್ಮಪುರದ ಒಂದು ಓಣಿಯಲ್ಲಿ ನಮ್ಮದು ಎದುರುಬದುರು ಮನೆ. ಆ ಮನೆ ನನಗೆ ಸಿಕ್ಕದ್ದೂ ಅವರಿಂದಲೇ. ಬಾಡಿಗೆಗೆ ಕೇಳಲು ಹೋದಾಗ ಮಾಲೀಕ ಮೊದಲು ನನ್ನ ಅಡ್ಡಹೆಸರು ಕೇಳಿದ, ಆಮೇಲೆ ಊರು, ಆಮೇಲೆ ಮನೆದೇವರು. "ನಮ್ಮ ಮನ್ಯಾಗ ಬುದ್ಧನ ಫೋಟೋ ಅದರೀ" ಎಂದೆ. "ಮನಿ ಖಾಲಿ ಇಲ್ರೀ" ಎಂದ. ಕೀಲಿಕೈ ಅವನ ಬೆರಳಿನಲ್ಲೇ ತೂಗಾಡುತ್ತಿತ್ತು. ಮರುದಿನ ಬಸ್ಸಿನಲ್ಲಿ ಇದನ್ನು ನಗುತ್ತಲೇ ಹೇಳಿದೆ. ಸರ್ ನಗಲಿಲ್ಲ. ಸಂಜೆ ಬಸ್ಸಿಳಿದವರು ಮನೆಗೂ ಹೋಗದೆ ಸೀದಾ ಆ ಮಾಲೀಕನ ಕಟ್ಟೆಗೆ ನಡೆದರು.

"ಯಾವ ಮಂದಿ ಅಂತ ಕೇಳಿದಿ ಅಂತಲ್ಲ. ನನ್ನ ಮಂದಿ. ಕೀಲಿಕೈ ಕೊಡು" ಅಂದರು.

ಕೊಟ್ಟ. ಮುಂದಿನ ಭಾನುವಾರ ನಾನೂ ಅಕ್ಕನೂ ಸಾಮಾನು ತಂದೆವು. ನಮ್ಮದು ಇಬ್ಬರದೇ ಸಂಸಾರ. ಟೆಂಪೋದಿಂದ ಅಕ್ಕನ ಹೊಲಿಗೆ ಮಷೀನನ್ನು ಒಂದು ಬದಿ ನಾನು, ಇನ್ನೊಂದು ಬದಿ ಸರ್ ಹಿಡಿದು ಇಳಿಸಿದೆವು. ಅವರ ಮಡದಿ, ಓಣಿಗೆಲ್ಲ ವೈನಿ, ಹಚ್ಚಿದ ಅವಲಕ್ಕಿ ಕಳಿಸಿದರು. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ನನ್ನ ಬಾಯಿ ಯಾಕೆ ಬಿದ್ದುಹೋಯಿತು ಎಂಬುದು ನಿಮಗೆ ತಿಳಿಯಬೇಕು. ತಿಳಿದು ಕ್ಷಮಿಸಿರಿ ಅಂತಲ್ಲ.

ಅಕ್ಕ ಮಷೀನನ್ನು ಮುಂದಿನ ಕೋಣೆಯ ಕಿಟಕಿಗೆ ಹಾಕಿಕೊಂಡಳು. ಆ ಮನೆಗೆ ಬೆಳಕು ಬರುವುದು ಅದೊಂದೇ ಕಡೆಯಿಂದ. ಆರೂವರೆಗೆ ಚಹಾ ಕುಡಿದು ಕೂತರೆ ಬಿಸಿಲೇರುವುದರೊಳಗೆ ಎರಡು ಜಂಪರು ಮುಗಿಸುತ್ತಿದ್ದಳು. ಅವಳಿಗೆ ದಮ್ಮು. ಚಿಕ್ಕವಳಿದ್ದಾಗ ಕಪನೂರಿನ ಒಂದು ಬೇಳೆ ಮಿಲ್ಲಿನಲ್ಲಿ ಅವ್ವನ ಸಂಗಟ ತೊಗರಿ ಹಸನು ಮಾಡಲು ಕೂತಿದ್ದಳು, ಆ ಧೂಳು ಎದೆಯಲ್ಲಿ ಉಳಿಯಿತು. ನಾನು ಓದಿ ಮಾಸ್ತರನಾದದ್ದು ಆ ಕೂಲಿಯ ಮೇಲೆಯೇ. ಔಷಧಿ ಜಗ್ಗುವ ಪಂಪು ಮಷೀನಿನ ಡ್ರಾಯರಿನಲ್ಲಿ ದಾರದ ಉಂಡೆಗಳ ನಡುವೆ ಇರುತ್ತಿತ್ತು. ವರ್ಷಕ್ಕೆ ಎರಡು ಮೂರು ಸಲ ಬೇಕಾಗುತ್ತಿತ್ತು, ಅಷ್ಟೇ.

ಸರ್ ಎಂದರೆ ತೂಗುವ ಮನುಷ್ಯ. ಬಸ್ಸಿನಲ್ಲಿ ಬಿಸಿಲು ಯಾವ ಬದಿಗೆ ಬೀಳುತ್ತದೆಂದು ನೋಡಿಯೇ ಸೀಟು ಹಿಡಿಯುವವರು. ಕಮಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಕೆಂಪು ಬಾಳೆಹಣ್ಣಿನ ಬುಟ್ಟಿಯ ಮುಂದೆ ನಿಂತು, ತುಟ್ಟಿಯಾದ ಕೆಂಪು ಹಣ್ಣು ಒಂದು ಒಳ್ಳೆಯದೋ ಸೋವಿಯ ಹಳದಿ ಹಣ್ಣು ಮೂರು ಒಳ್ಳೆಯದೋ ಎಂದು ಲೆಕ್ಕ ಹಾಕುತ್ತ ಬಸ್ಸು ತಪ್ಪಿಸಿಕೊಂಡವರು. ಕೊನೆಗೆ ಕೆಂಪು ಹಣ್ಣು ಒಂದೇ ಕೊಳ್ಳುತ್ತಿದ್ದರು, ನಡುವೆ ಮುರಿದು ದೊಡ್ಡ ತುಂಡು ನನಗೆ ಕೊಡುತ್ತಿದ್ದರು. ದೊಡ್ಡದೇ ಕೊಡುತ್ತಿದ್ದರು, ಪ್ರತಿ ಸಲ.

ಅವರ ಚೀಲದಲ್ಲಿ ಒಂದು ನೋಟುಪುಸ್ತಕ ಇರುತ್ತಿತ್ತು. ಪ್ರತಿ ಪುಟದ ನಡುವೆ ಸ್ಕೇಲಿನಿಂದ ಎಳೆದ ಗೆರೆ, ಎಡಕ್ಕೆ ಕೂಡಿಸುವ ಗುರುತು, ಬಲಕ್ಕೆ ಕಳೆಯುವ ಗುರುತು. ಮಗಳ ಮದುವೆಯ ಸಂಬಂಧವನ್ನೂ ಹಾಗೆಯೇ ತೂಗಿದ್ದರಂತೆ, ವೈನಿಯೇ ಹೇಳಿದ್ದು. ಆದರೆ ಎಲ್ಲಕ್ಕಿಂತ ಹೆಚ್ಚು ಪುಟ ತಿಂದದ್ದು ಒಂದೇ ಪ್ರಶ್ನೆ. ಕಾರು ಕೊಂಡರೆ ಡೀಸೆಲ್ಲೋ ಪೆಟ್ರೋಲೋ?

"ನೋಡ್ರೀ ಮಾಸ್ತರ್" ಎಂದು ಕಪನೂರು ದಾಟುವಾಗ ಶುರು ಮಾಡಿದರೆ ಮಹಾಗಾಂವ ಕ್ರಾಸಿನ ತನಕ ಅದೇ. "ಡೀಸೆಲ್ ಅಂದ್ರ ಒಂದು ಸಲ ಟ್ಯಾಂಕ್ ತುಂಬಿಸಿದ್ರ ಪಂಢರಪುರಕ್ಕ ಹೋಗಿ ಬರಬಹುದು. ಎಂಜಿನ್ ಗಟ್ಟಿ, ಮೊಮ್ಮಕ್ಕಳ ಕಾಲಕ್ಕೂ ಬರ್ತದ. ಐದು ಮಂದಿ ಕುಂತು ಏಸಿ ಹಚ್ಚಿದ್ರೂ ಏರಿನ್ಯಾಗ ದಮ್ಮ ಹತ್ತೂದಿಲ್ಲ."

"ಹಂಗಾರ ತಗೋರಿ ಸರ್."

"ತಡೀರಿ, ಈ ಬದಿನೂ ನೋಡಬೇಕಲ್ರೀ. ಗಾಡಿ ಕಿಮ್ಮತ್ತು ಜಾಸ್ತಿ. ಸರ್ವಿಸ್ ಖರ್ಚು ಜಾಸ್ತಿ. ದಡದಡ ಸಪ್ಪಳ ಬ್ಯಾರೆ. ದಿಲ್ಲಿಯೊಳಗ ಹತ್ತು ವರ್ಷ ಆದ ಮ್ಯಾಲ ಡೀಸೆಲ್ ಗಾಡಿ ರೋಡಿಗೆ ಬಿಡಂಗಿಲ್ಲಂತ, ಅದು ನಾಳೆ ಇಲ್ಲೂ ಬಂದ್ರ?"

"ಹಂಗಾರ ಪೆಟ್ರೋಲ್ ತಗೋರಿ."

"ದಿನಾ ಎಪ್ಪತ್ತು ಕಿಲೋಮೀಟರ್ ಓಡೂ ಮನಷ್ಯಾ ಪೆಟ್ರೋಲ್ ತಗೊಂಡ್ರ ಮಂದಿ ಹುಚ್ಚ ಅಂತಾರ."

ಒಂದು ದಿನ ಟಿಕೆಟ್ ಹರಿಯುತ್ತಿದ್ದ ಕಂಡಕ್ಟರನೇ ರೇಗಿ, "ಸರ್, ನೀವು ತಗೊಳ್ಳೂದ್ರಾಗ ಈ ಬಸ್ಸು ಗುಜರಿಗೆ ಹೋಗಿ ಹೊಸಾ ಬಸ್ಸು ಬರ್ತದ" ಎಂದ. ಬಸ್ಸಿನವರೆಲ್ಲ ನಕ್ಕರು, ಸರ್ ಎಲ್ಲರಿಗಿಂತ ಜೋರಾಗಿ ನಕ್ಕರು. ನಗುವಾಗ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿಕೊಳ್ಳುವುದು ಅವರ ರೂಢಿ.

ಈಗ ಅನಿಸುತ್ತದೆ, ಅಷ್ಟು ವರ್ಷ ತೂಗಿದ ಪುಟಗಳಲ್ಲಿ ಗಾಡಿಯಲ್ಲಿ ಕೂತವರ ಲೆಕ್ಕವೆಲ್ಲ ಇತ್ತು. ಗಾಡಿಯ ಹಿಂದೆ ನಿಂತವರ ಲೆಕ್ಕ ಒಂದು ಸಾಲೂ ಇರಲಿಲ್ಲ. ಆಗ ನನಗೂ ಅದು ಹೊಳೆದಿರಲಿಲ್ಲ. ಅವರಿಗೆ ಹೊಳೆಯಬೇಕಿತ್ತು, ಯಾಕೆಂದರೆ ಅವರು ವಿಜ್ಞಾನದವರು. ಒಂಬತ್ತನೆಯ ಇಯತ್ತೆಗೆ ದಹನದ ಪಾಠ ಮಾಡುವಾಗ ಚಿಮಣಿ ದೀಪದ ಮೇಲೆ ಸ್ಟೀಲಿನ ತಾಟು ಹಿಡಿದು, ಅದಕ್ಕೆ ಹತ್ತಿದ ಮಸಿಯನ್ನು ಬೆರಳಿನಿಂದ ಒರೆಸಿ ತೋರಿಸುತ್ತಿದ್ದರು. "ಪೂರ್ತಿ ಉರೀಲಾರದ್ದು ಇದು. ಉಸರಿನ ಸಂಗಟ ಒಳಗ ಹೋದ್ರ ಹೊರಗ ಬರೂದಿಲ್ಲ" ಎನ್ನುತ್ತಿದ್ದರು. ನಾನು ಪಕ್ಕದ ಕೋಣೆಯಲ್ಲಿ ವ್ಯಾಕರಣ ಹೇಳುತ್ತ ಎಷ್ಟೋ ಸಲ ಕೇಳಿಸಿಕೊಂಡಿದ್ದೇನೆ.

ಅವರು ನಿವೃತ್ತರಾದರು. ನಿವೃತ್ತರಾದ ತಿಂಗಳೇ ಕಾರು ಕೊಂಡರು. ಡೀಸೆಲ್ ಕಾರು.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ದಿನಾ ಎಪ್ಪತ್ತು ಕಿಲೋಮೀಟರ್ ಓಡಾಡುವಾಗ ಬಸ್ಸಿನಲ್ಲಿ ಕೂತು ತೂಗಿದವರು, ಇನ್ನು ಕಾಯಿಪಲ್ಲೆ ತರಲು, ಮಠಕ್ಕೆ ಹೋಗಲು, ಪೆನ್ಷನ್ ಬಂತೇ ಎಂದು ಬ್ಯಾಂಕಿನಲ್ಲಿ ಕೇಳಲು ಡೀಸೆಲ್ ಎಂಜಿನ್ ತಂದು ನಿಲ್ಲಿಸಿದರು. ಮೂರೂ ಸೇರಿಸಿದರೆ ನಾಲ್ಕು ಕಿಲೋಮೀಟರ್ ಆಗುವುದಿಲ್ಲ.

"ಸರ್, ಈಗ ಯಾಕ್ರೀ ಡೀಸೆಲ್?" ಎಂದೆ.

"ಮೂವತ್ತು ವರ್ಷ ತೂಗೀನ್ರೀ. ಡೀಸೆಲ್ಲೇ ಸರಿ ಅಂತ ಬಂದದ" ಎಂದು ಪೇಢಾದ ಡಬ್ಬಿ ಮುಂದೆ ಹಿಡಿದರು.

ಲೆಕ್ಕ ಸರಿಯೇ ಇತ್ತು. ಆ ಲೆಕ್ಕದೊಳಗಿನ ಮನುಷ್ಯ ನಿವೃತ್ತನಾಗಿದ್ದ, ಅವರಿಗೆ ಅದು ತಿಳಿಯಲಿಲ್ಲ. ನಾನು ಪೇಢಾ ತಿಂದು, ಛಲೋ ಮಾಡಿದ್ರಿ ಸರ್ ಎಂದೆ.

ಓಣಿ ಸಣ್ಣದು. ಕಾರಿನ ಮೂತಿ ಅವರ ಗೇಟಿಗೆ ಹತ್ತಿದರೆ ಬಾಲ ನಮ್ಮ ಕಿಟಕಿಗೆ ಬರುತ್ತಿತ್ತು. ಹೊಗೆ ಕೊಳವೆಗೂ ಅಕ್ಕನ ಮಷೀನಿಗೂ ನಡುವೆ ಹತ್ತು ಫೂಟು, ಹೆಚ್ಚಿಲ್ಲ. ಇದರ ಮೇಲೆ ಮಹಾಗಾಂವ ಕ್ರಾಸಿನ ಯಾವನೋ ಲಾರಿ ಡ್ರೈವರ್ ಅವರ ತಲೆಯಲ್ಲಿ ಒಂದು ಮಾತು ತುಂಬಿಬಿಟ್ಟಿದ್ದ. ಡೀಸೆಲ್ ಗಾಡಿಯನ್ನು ದಿನಾ ಬೆಳಿಗ್ಗೆ ಹತ್ತು ನಿಮಿಷ ನಿಂತಲ್ಲೇ ಬಿಸಿ ಮಾಡಬೇಕಂತೆ, ಇಲ್ಲದಿದ್ದರೆ ಎಂಜಿನ್ನಿನ ಎದೆ ಒಡೆಯುತ್ತದಂತೆ. ಅದು ಹಳೆಯ ಲಾರಿಗಳ ಕಾಲದ ಮಾತು. ಸರ್ ಅದನ್ನು ಸಂಧ್ಯಾವಂದನೆಯ ಹಾಗೆ ಹಿಡಿದರು. ಎಲ್ಲಿಗೂ ಹೋಗುವುದಿಲ್ಲದ ದಿನವೂ ಏಳಕ್ಕೆ ಸರಿಯಾಗಿ ಕಾರು ಚಾಲೂ. ಮನೆಯೊಳಗೆ ಪಾತ್ರೆಗಳು ಸಣ್ಣಗೆ ನಡುಗುತ್ತಿದ್ದವು. ಅಕ್ಕ ಸೆರಗನ್ನು ಮೂಗಿಗೆ ಕಟ್ಟಿಕೊಂಡು ಹೊಲಿಯುತ್ತಿದ್ದಳು.

ಮೂರು ತಿಂಗಳಿಗೆ ಕಾರಿನಲ್ಲಿ ಒಂದು ಹಳದಿ ದೀಪ ಹತ್ತಿತು. ಸರ್ವಿಸ್ ಸೆಂಟರಿನವರು ತಿಳಿಸಿ ಹೇಳಿದರು. ಹೊಸ ಡೀಸೆಲ್ ಗಾಡಿಗಳಿಗೆ ಮಸಿ ಹಿಡಿಯುವ ಒಂದು ಫಿಲ್ಟರ್ ಇರುತ್ತದೆ, ಸಣ್ಣ ಸಣ್ಣ ಓಡಾಟಕ್ಕೆ ಅದು ಕಟ್ಟಿಕೊಳ್ಳುತ್ತದೆ, ಹೈವೇಯಲ್ಲಿ ಇಪ್ಪತ್ತು ನಿಮಿಷ ಜೋರಾಗಿ ಓಡಿಸಿದರೆ ಒಳಗಿನ ಮಸಿ ಸುಟ್ಟುಹೋಗುತ್ತದೆ. ನಿಂತಲ್ಲೇ ಚಾಲೂ ಇಟ್ಟರೆ ಇನ್ನೂ ಬೇಗ ಕಟ್ಟುತ್ತದೆ, ಅದನ್ನು ಮೊದಲು ಬಿಡಿ ಎಂದೂ ಅಂದರು. ಕೊನೆಯ ಮಾತನ್ನು ಸರ್ ಕಿವಿಗೆ ಹಾಕಿಕೊಳ್ಳಲಿಲ್ಲ. "ಅವು ಮೊನ್ನೆ ಕಲತು ಬಂದಾವ, ಅವಕ್ಕೇನು ಗೊತ್ತು" ಅಂದರು.

ಹಾಗಾಗಿ ಪ್ರತಿ ಭಾನುವಾರ ನಾವು ಮಸಿ ಸುಡಲು ಕಮಲಾಪುರಕ್ಕೆ ಹೋಗತೊಡಗಿದೆವು. ಕೆಲಸವಿಲ್ಲ, ಕಾರ್ಯವಿಲ್ಲ. ವಾರದಲ್ಲಿ ಆರು ದಿನ ಹೋಗುವ ಊರಿಗೆ ನಾನು ಏಳನೆಯ ದಿನವೂ ಹೋಗುತ್ತಿದ್ದೆ. ಮುಚ್ಚಿದ ಶಾಲೆಯ ಗೇಟಿನ ಮುಂದೆ ಕಾರು ತಿರುಗಿಸಿ ವಾಪಸು. ಉಳಿತಾಯಕ್ಕೆಂದು ಕೊಂಡ ಗಾಡಿಗೆ ಡೀಸೆಲ್ ಸುಟ್ಟು ಡೀಸೆಲ್ಲಿನ ಮಸಿ ತೊಳೆಯುವ ಈ ಸಡಗರ ನೋಡಿ ನನಗೆ ಒಳಗೊಳಗೇ ರೋಸಿಹೋಗುತ್ತಿತ್ತು. ಸರ್ ಮಾತ್ರ ದೀಪ ಆರಿದ ಕೂಡಲೇ ಮಕ್ಕಳ ಹಾಗೆ ಸ್ಟೀರಿಂಗ್ ಬಡಿದು, "ಆರ್ತು ನೋಡ್ರೀ!" ಎನ್ನುತ್ತಿದ್ದರು. ಆ ಹೊತ್ತಿನಲ್ಲಿ ಅವರ ಮೇಲೆ ಸಿಟ್ಟು ಮಾಡಲು ಆಗುತ್ತಿರಲಿಲ್ಲ.

ಸರ್‌ಗೆ ಮಂಡಿನೋವು ಶುರುವಾಗಿ ಭಾನುವಾರದ ಓಟ ತಪ್ಪಿತು, ದೀಪ ಮತ್ತೆ ಹತ್ತಿತು. ಹೊಸ ಫಿಲ್ಟರಿನ ಕಿಮ್ಮತ್ತು ಕೇಳಿ ಸರ್ ಎರಡು ದಿನ ಊಟ ಬಿಟ್ಟರು. ಆಗ ಯಾರೋ ಕಪನೂರಿನ ಒಬ್ಬ ಮೆಕ್ಯಾನಿಕ್ಕಿನ ಹೆಸರು ಹೇಳಿದರು. ನನ್ನನ್ನೂ ಕರೆದುಕೊಂಡು ಹೋದರು.

"ಸಾಬ್, ಇದು ಇಟ್ಕೊಂಡ್ರ ರೋಜ್ ಕಾ ಝಂಝಟ್" ಎಂದ ಅವನು, ಕಾರಿನ ಕೆಳಗಿಂದಲೇ. "ಒಳಗಿಂದು ನಿಕಾಲ್ ಡಾಲೇ ತೋ ಟೆನ್ಶನ್ ಖತಂ. ಕಂಪ್ಯೂಟರ್‌ನಾಗ ದೀಪ ಬಂದ್ ಮಾಡ್ತೀನಿ. ಎವರೇಜ್ ಭೀ ಬಢ್ತಾ."

ಲೀಟರಿಗೆ ಓಡುವ ಎವರೇಜು ಏರುತ್ತದೆ ಎಂದದ್ದೇ ತಡ ಸರ್ ಕಣ್ಣು ಅರಳಿದವು. "ತೂಗಿ ನೋಡಿದ್ರ ತಗಸೂದ ಛಲೋ ಅನ್ನಸ್ತದ. ಏನಂತೀರಿ ಮಾಸ್ತರ್?" ಎಂದು ನನ್ನ ಕಡೆ ನೋಡಿದರು. ನಾನೇನಂದೆ? ನಿಮ್ಮಿಷ್ಟ ಸರ್ ಅಂದೆ. ಮೆಕ್ಯಾನಿಕ್ಕಿಗೆ ಬೆಳಕು ಸಾಲದೆಂದು ನನ್ನ ಮೊಬೈಲಿನ ಟಾರ್ಚ್ ಹಚ್ಚಿ ಹಿಡಿದೆ. ಅವನು ಫಿಲ್ಟರಿನ ಡಬ್ಬಿ ಬಿಚ್ಚಿ ಕಬ್ಬಿಣದ ರಾಡಿನಿಂದ ಒಳಗಿನದನ್ನು ಚುಚ್ಚಿ ಚುಚ್ಚಿ ಕೆಡವಿದ. ನೆಲದ ಮೇಲೆ ಕರಿ ಪುಡಿ ರಾಶಿ ಬಿತ್ತು. ಸರ್ ಮೂಗಿಗೆ ಕರವಸ್ತ್ರ ಹಿಡಿದು, ಧೋತರ ಎತ್ತಿಕೊಂಡು, ನಾಲ್ಕು ಹೆಜ್ಜೆ ಹಿಂದೆ ಸರಿದರು. ಅದೇನೆಂದು ಅವರಿಗೆ ಗೊತ್ತಿತ್ತು. ಆ ನಾಲ್ಕು ಹೆಜ್ಜೆ ನೆನಪಾದಾಗಲೆಲ್ಲ ನನಗೆ ಅವರ ಮೇಲೆ ಅಸಹ್ಯ ಉಕ್ಕುತ್ತದೆ, ಟಾರ್ಚ್ ಹಿಡಿದ ನನ್ನ ಕೈ ಮೇಲೂ. ಬರುವಾಗ ದಾರಿಯಲ್ಲಿ ಹೊಗೆ ತಪಾಸಣೆಯ ಡಬ್ಬಿ ಅಂಗಡಿಯವನು ಕೊಳವೆಗೆ ನಳಿಗೆಯನ್ನೇ ಹಾಕದೆ, ನಂಬರ್ ಪ್ಲೇಟಿನ ಫೋಟೋ ಹೊಡೆದು ಸರ್ಟಿಫಿಕೇಟ್ ಕೊಟ್ಟ.

ಮರುದಿನ ಏಳಕ್ಕೆ ಓಣಿಯಲ್ಲಿ ಕರಿ ಹೊಗೆ. ಅದು ಮೇಲಕ್ಕೂ ಹೋಗುತ್ತಿರಲಿಲ್ಲ, ಎರಡು ಗೋಡೆಗಳ ನಡುವೆ ಸಿಕ್ಕಿ ಸೀದಾ ನಮ್ಮ ಕಿಟಕಿಗೆ ಬರುತ್ತಿತ್ತು. ಕಿಟಕಿ ಹಾಕಿದರೆ ಬೆಳಕಿಲ್ಲ, ತೆರೆದರೆ ಉಸಿರಿಲ್ಲ. ಅಕ್ಕ ಒದ್ದೆ ಟವೆಲ್ ಕಟ್ಟಿ ನೋಡಿದಳು, ಸಂಜೆಗೆ ಟವೆಲ್ ಕರ್ರಗಾಗುತ್ತಿತ್ತು. ಗಿರಾಕಿಯೊಬ್ಬಳ ಬಿಳಿ ಅಸ್ತರಿನ ಮೇಲೆ ಮಸಿ ಕೂತು ಬೈಸಿಕೊಂಡಳು. ವರ್ಷಕ್ಕೆ ಎರಡು ಮೂರು ಸಲ ಬೇಕಾಗುತ್ತಿದ್ದ ಪಂಪು ವಾರಕ್ಕೇ ಎರಡು ಮೂರು ಸಲ ಬೇಕಾಯಿತು.

"ನಾ ಹೋಗಿ ಹೇಳಲೇನು?" ಎಂದಳು ಒಂದು ದಿನ.

"ನೀ ಬಾಯಿ ಹಾಕಬ್ಯಾಡ. ನಾ ಹೇಳ್ತೀನಿ. ಅವರು ನಮಗ ಏನು ಮಾಡ್ಯಾರ ಮರತಿ ಏನು?"

"ಮರತಿಲ್ಲ. ಅದಕ್ಕ ನೀನೇ ಹೇಳು, ಸಾವಕಾಶ ಹೇಳು."

ಆ ಸಂಜೆ ಎದುರು ಮನೆಗೆ ಹೋದೆ. ವೈನಿ ಅದ್ರಕ್ ಹಾಕಿ ಚಹಾ ಕೊಟ್ಟರು. ಸರ್ ನನ್ನ ಬಡ್ತಿಯ ವಿಷಯ ತೆಗೆದರು, ಯಾವ ಅರ್ಜಿ ಎಲ್ಲಿ ಕೊಡಬೇಕೆಂದು ತಾವೇ ಬರೆದುಕೊಟ್ಟರು. ನಾನು ಚಹಾ ಕುಡಿದು, ಅರ್ಜಿ ಮಡಚಿ ಜೇಬಿನಲ್ಲಿಟ್ಟುಕೊಂಡು ಎದ್ದು ಬಂದೆ. ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು.

"ಹೇಳೀನಿ. ಗಾಡಿ ಆ ಕಡಿ ತಿರುಗಿಸಿ ನಿಲ್ಲಸ್ತೀನಿ ಅಂದ್ರು" ಎಂದೆ.

ಎಂಟು ದಿನ ಬಿಟ್ಟು, "ಇನ್ನಾ ತಿರುಗಿಸಿಲ್ಲಲ್ಲ?" ಎಂದಳು. "ನೋಡ್ಯಾರಂತ. ಓಣಿ ಸಣ್ಣದು, ಗಾಡಿ ತಿರುಗವಲ್ದಂತ" ಎಂದೆ. ಮೊದಲ ಸುಳ್ಳಿಗಿಂತ ಎರಡನೆಯದು ಸಲೀಸಾಗಿ ಬಂತು. ಅಕ್ಕ ನಿಟ್ಟುಸಿರು ಬಿಟ್ಟು, "ಪಾಪ, ಯತ್ನ ಮಾಡ್ಯಾರಲ್ಲ" ಎಂದಳು. ಅದರ ಮೇಲೆ ಒಮ್ಮೆಯೂ ಆ ಮಾತು ತೆಗೆಯಲಿಲ್ಲ. ಸರ್ ಎದುರಾದರೆ ಮೊದಲಿಗಿಂತ ಹೆಚ್ಚು ನಗುತ್ತಿದ್ದಳು.

ಚಳಿಗಾಲದ ಒಂದು ಮುಂಜಾನೆ ನಾನು ಗಡ್ಡ ಮಾಡಿಕೊಳ್ಳುತ್ತಿದ್ದೆ. ಮುಂದಿನ ಕೋಣೆಯಲ್ಲಿ ಮಷೀನಿನ ಸಪ್ಪಳ ನಿಂತಿತು. ಹೊರಗಿನ ಕಾರಿನ ಸಪ್ಪಳ ನಿಂತಿರಲಿಲ್ಲ. ಹೋಗಿ ನೋಡಿದರೆ ಅಕ್ಕ ಎರಡೂ ಕೈ ಮಷೀನಿನ ಹಲಗೆಗೆ ಊರಿ, ಬಾಯಿ ತೆರೆದು, ಗಾಳಿ ಜಗ್ಗಲು ಒದ್ದಾಡುತ್ತಿದ್ದಳು. ತುಟಿ ನೀಲಿಯಾಗಿತ್ತು. ಪಂಪು ಖಾಲಿ. ನಾನು ಅರ್ಧ ಮುಖದ ಸಾಬೂನಿನಲ್ಲೇ ಹೊರಗೆ ಓಡಿ, "ಸರ್, ಅಕ್ಕ!" ಎಂದು ಚೀರಿದೆ. ಅವರು ಒಂದು ಪ್ರಶ್ನೆ ಕೇಳಲಿಲ್ಲ. ಮಂಡಿ ನೋಯುವ ಮನುಷ್ಯ ಓಡಿಬಂದು ಅಕ್ಕನ ಒಂದು ರಟ್ಟೆ ಹಿಡಿದು ಎತ್ತಿದರು, ವೈನಿ ಇನ್ನೊಂದು ಹಿಡಿದರು. ಆ ಕಾರಿನಲ್ಲೇ ಅಕ್ಕನನ್ನು ಮಲಗಿಸಿಕೊಂಡು ಹಾರ್ನ್ ಒತ್ತುತ್ತಲೇ ಹೋದೆವು.

ಆಸ್ಪತ್ರೆಯಲ್ಲಿ ಅಕ್ಕನಿಗೆ ಆಕ್ಸಿಜನ್ ಹಚ್ಚಿದ ಮೇಲೆ ಸರ್ ಬೆಂಚಿನ ಮೇಲೆ ನನ್ನ ಪಕ್ಕ ಕೂತು ಬೆವರು ಒರೆಸಿಕೊಂಡರು. "ಗಾಡಿ ಬಿಸಿ ಇತ್ತು, ನೋಡ್ರೀ. ಒಂದು ಸೆಕೆಂಡ್ ತಡ ಆಗಲಿಲ್ಲ. ಪೆಟ್ರೋಲ್ ಗಾಡಿ ಹಿಂಗ ಎಳೀತಿದ್ದಿಲ್ಲ" ಎಂದರು.

ನಾನು ಅವರ ಕೈ ಹಿಡಿದುಕೊಂಡು, "ಭಾಳ ಉಪಕಾರ ಆತು ಸರ್" ಎಂದೆ. ಹೇಳುವಾಗ ಮನಸ್ಸಿನಿಂದಲೇ ಹೇಳಿದೆ, ಅದು ಇನ್ನೂ ಹೊಲಸು.

ಡಾಕ್ಟರ್ ಹೆಣ್ಣುಮಗಳು ಹೊರಗೆ ಬಂದು, "ಮನ್ಯಾಗ ಒಲಿ ಹಚ್ತೀರೇನು? ಹೊಗಿ ಎಲ್ಲಿಂದ ಬರ್ತದ?" ಎಂದು ಕೇಳಿದಳು. ನಾನು ಸರ್ ಕಡೆ ನೋಡಿದೆ. ಅವರು ನೆಲದ ಟೈಲ್ಸ್ ನೋಡುತ್ತಿದ್ದರು. "ಒಲಿ ಇಲ್ರೀ. ಓಣ್ಯಾಗ ಧೂಳ ಅದ" ಎಂದೆ. "ಹೌದ್ರೀ, ಧೂಳ ಭಾಳ" ಎಂದರು ಸರ್. ಇಬ್ಬರು ಮಾಸ್ತರರು, ಒಬ್ಬ ಭಾಷೆಯವನು ಒಬ್ಬ ವಿಜ್ಞಾನದವನು, ಒಬ್ಬ ಹೆಣ್ಣುಮಗಳ ಉಸಿರಿನ ಬಗ್ಗೆ ಡಾಕ್ಟರಿಗೆ ಹೀಗೆ ಹೇಳಿ ಬೆಂಚಿನ ಮೇಲೆ ಕೂತೆವು.

ಐದು ದಿನಕ್ಕೆ ಅಕ್ಕ ಮನೆಗೆ ಬಂದಳು. ಆರನೆಯ ದಿನ ಏಳಕ್ಕೆ ಕಾರು ಚಾಲೂ ಆಯಿತು. ನಾನು ಗಡಿಯಾರ ನೋಡುತ್ತ ನಿಂತೆ. ಹತ್ತು ನಿಮಿಷದ ಬದಲು ಐದೇ ನಿಮಿಷ. ಅಂದಿನಿಂದ ದಿನವೂ ಐದೇ. ಅರ್ಧ ಮಾಡಿದ್ದರು. ಪೂರ್ತಿ ನಿಲ್ಲಿಸಿದ್ದರೆ ತಿಳಿಯದೆ ಮಾಡಿದರು ಎಂದುಕೊಳ್ಳಬಹುದಿತ್ತು, ಹತ್ತೇ ಮುಂದುವರಿಸಿದ್ದರೂ ಹಾಗೆ ಅಂದುಕೊಳ್ಳಬಹುದಿತ್ತು. ಐದು ಎಂದರೆ ತೂಗಿದ್ದಾರೆ. ಆ ಐದು ನಿಮಿಷಕ್ಕೆ ನಾನು ಅವರನ್ನು ಎಂದೂ ಕ್ಷಮಿಸಲಿಲ್ಲ. ಅಕ್ಕ ಮಷೀನನ್ನು ಹಿಂದಿನ ಕೋಣೆಗೆ ಒಯ್ದು ಟ್ಯೂಬ್‌ಲೈಟಿನ ಕೆಳಗೆ ಹೊಲಿಯತೊಡಗಿದಳು. ಕಣ್ಣು ನೋಯುತ್ತವೆ ಎಂದು ಕಪ್ಪು ಬಟ್ಟೆ ಹಿಡಿಯುವುದನ್ನು ಬಿಟ್ಟಳು. ಸರ್ ದಿನಾ ಸಂಜೆ ಬಂದು, "ಹ್ಯಾಂಗಿದ್ದೀರಿ ಅಕ್ಕಾರ?" ಎಂದು ವಿಚಾರಿಸಿ ಹೋಗುತ್ತಿದ್ದರು, ಕೈಯಲ್ಲಿ ಒಂದು ಕೆಂಪು ಬಾಳೆಹಣ್ಣು ಇರುತ್ತಿತ್ತು.

ಎದೆನೋವು ಬಂದು ಅವರು ಹೋದದ್ದು ಮಧ್ಯಾಹ್ನದ ಊಟದ ಮೇಲೆ, ಎರಡು ನಿಮಿಷದಲ್ಲಿ. ಕಾರು ಮೂರು ತಿಂಗಳು ನಿಂತಲ್ಲೇ ನಿಂತಿತು. ಅಕ್ಕ ಮಷೀನನ್ನು ಮತ್ತೆ ಕಿಟಕಿಗೆ ತಂದಳು.

ಮೊನ್ನೆ ಭಾನುವಾರ ವೈನಿ ಕೀಲಿಕೈ ಹಿಡಿದುಕೊಂಡು ನಮ್ಮ ಮನೆಗೆ ಬಂದರು. "ಮಾಸ್ತರ್, ಈ ಗಾಡಿ ನೀವೇ ತಗೋರಿ. ನಿಮಗ ದಿನಾ ಕಮಲಾಪುರಕ್ಕ ಹೋಗೂದದ. ಅವರ ಮನಸ್ಸಿನ್ಯಾಗೂ ಅದೇ ಇತ್ತು" ಎಂದರು.

ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಕ್ಷಣ ನನ್ನ ತಲೆಯಲ್ಲಿ ಗೆರೆ ಎಳೆದು ಎರಡು ಬದಿ ತುಂಬತೊಡಗಿತು. ದಿನಾ ಎಪ್ಪತ್ತು ಕಿಲೋಮೀಟರ್. ಬಸ್ಸಿನ ನೂಕುನುಗ್ಗಲು. ನನ್ನ ಓಡಾಟಕ್ಕೆ ಡೀಸೆಲ್ಲೇ ಸರಿ. "ತೂಗಿ ನೋಡಿ ಹೇಳ್ತೀನಿ ವೈನಿ" ಎಂದೆ. ಅದು ಯಾರ ಮಾತೆಂದು ನನಗೇ ಕೇಳಿಸಿತು.

ಅಕ್ಕ ಮಷೀನಿನಿಂದ ತಲೆ ಎತ್ತಿದಳು. "ಬ್ಯಾಡ್ರೀ ವೈನಿ, ತಪ್ಪು ತಿಳೀಬ್ಯಾಡ್ರಿ. ಅದರ ಹೊಗಿ ನನಗ ಆಗಿಬರೂದಿಲ್ಲ. ಸರ್ ಮ್ಯಾಲ ನನಗ ಸಿಟ್ಟಿಲ್ಲ. ತಮ್ಮ ಹೋಗಿ ಹೇಳಿದ ಮ್ಯಾಲ ಪಾಪ ಗಾಡಿ ತಿರುಗಿಸಿ ನಿಲ್ಲಸಾಕ ನೋಡಿದ್ರಂತ. ಓಣಿ ಸಣ್ಣದು, ಅವರರೆ ಏನು ಮಾಡ್ತಾರ?"

ವೈನಿ ನನ್ನ ಮುಖ ನೋಡಿದರು. "ಯಾವಾಗ ಹೇಳಿದ್ರಿ ಮಾಸ್ತರ್?"

ನಾನು ಕೆಳಗೆ ಬಿದ್ದ ದಾರದ ಉಂಡೆ ಹೆಕ್ಕಲು ಬಗ್ಗಿದೆ.

"ಅಕ್ಕಾರು ಕೆಮ್ಮತಾರ, ಗಾಡಿ ಬಂದ್ ಮಾಡ್ರಿ ಅಂತ ನಾನೇ ಹೇಳೀನಿ ಅವರಿಗೆ" ಎಂದ ವೈನಿ ಅಕ್ಕನ ಕಡೆ ತಿರುಗಿದರು. "ಅದಕ್ಕ ಅವರು ಚಹಾ ಕುಡಿಯೂ ಹೊತ್ತಿನ್ಯಾಗ ನಿಮ್ಮ ತಮ್ಮಗ ಎದುರಿಗೇ ಕೇಳಿದ್ರು, 'ಹೊಗಿ ತ್ರಾಸ ಆಗ್ತದೇನ್ರೀ ನಿಮ್ಮ ಅಕ್ಕಾರಿಗೆ?' ಅಂತ. ನಾ ಅಲ್ಲೇ ನಿಂತಿದ್ದೆ. 'ಛೇ, ಛೇ, ಇಲ್ರೀ ಸರ್' ಅಂದ್ರು ಮಾಸ್ತರ್. ನಾ ಮತ್ತ ಇನ್ನೊಮ್ಮೆ ಹೇಳಿದಾಗ ಇವರು ನನಗ ಬಾಯಿ ಮಾಡಿದ್ರು. 'ತ್ರಾಸ ಇದ್ರ ಮಾಸ್ತರ್ ಹೇಳತಿದ್ರು. ಅವರ ಅಕ್ಕಂದು ಅವರಕಿಂತ ನಿನಗ ಜಾಸ್ತಿ ಗೊತ್ತೇನು?' ಅಂದ್ರು."

ಹೌದು, ಕೇಳಿದ್ದರು. ಬಡ್ತಿಯ ಅರ್ಜಿ ಬರೆದುಕೊಟ್ಟ ಆ ಸಂಜೆಯೇ, ಪೆನ್ನಿನ ಟೊಪ್ಪಿಗೆ ಹಾಕುತ್ತ ಕೇಳಿದ್ದರು. ಮೇಲೆ ಆ ಸಂಜೆಯನ್ನು ಬರೆಯುವಾಗ ಇದೊಂದನ್ನು ನಾನು ಬಿಟ್ಟೆ. ಮರೆತು ಬಿಟ್ಟದ್ದಲ್ಲ, ಹೇಸಿ ಬಿಟ್ಟದ್ದು.

ಅಕ್ಕ ಜೋರು ಮಾಡಲಿಲ್ಲ. ಸೂಜಿಯ ಕೆಳಗಿನ ಬಟ್ಟೆ ಬಿಡಿಸಿ, ದಾರ ಕತ್ತರಿಸಿ, ಮಡಚಿ ಬದಿಗಿಟ್ಟಳು.

"ಉಸರು ನಂದು. ತ್ರಾಸ ಇಲ್ಲ ಅನ್ನಾಕ ನೀ ಯಾರು?" ಎಂದಳು.

ವೈನಿ ಕೀಲಿಕೈಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಎದ್ದರು. ಅಕ್ಕ ಅವರನ್ನು ಬಾಗಿಲ ತನಕ ಕಳಿಸಿ ಬಂದು ಮತ್ತೆ ಕಿಟಕಿಗೆ ಕೂತಳು, ನನ್ನ ಕಡೆ ತಿರುಗಲಿಲ್ಲ. ಇಷ್ಟು ದಿನ ಆ ಮನುಷ್ಯನಿಗೆ ಹೇಸಿಕೊಂಡೆ ನಾನು. ಅವರು ಒಂದು ಸಲವಾದರೂ ಕೇಳಿದ್ದರು.